ಉದ್ರಿ ಪುಸ್ತಕದ ಅಡ್ಡಗೆರೆ

ಸಾವಳಗಿಯಲ್ಲಿ ನಮ್ಮ ಅಪ್ಪನದೊಂದು ಸಣ್ಣ ಕಿರಾಣಿ ಅಂಗಡಿ ಇತ್ತು. ತಕ್ಕಡಿಯ ಹಿಂದಿನ ಗೂಡಿನಲ್ಲಿ ಉದ್ರಿ ಪುಸ್ತಕ: ಕೆಂಪು ಬಟ್ಟೆಯ ರಟ್ಟು, ಉದ್ದಕ್ಕೆ ಮಡಚಿ ಸುತ್ತಿದ ದಾರ. ಒಂದೊಂದು ಮನೆಗೆ ಒಂದೊಂದು ಹಾಳೆ. ಹಾಳೆಯ ಒಂದು ಕಡೆ ಒಯ್ದದ್ದು, ಇನ್ನೊಂದು ಕಡೆ ಕೊಟ್ಟದ್ದು. 1972ರ ಬರ ಬಿದ್ದಾಗ ಒಯ್ದ ಕಡೆ ತುಂಬುತ್ತ ಹೋಯಿತು, ಕೊಟ್ಟ ಕಡೆ ಹಾಗೇ ಖಾಲಿ ಉಳಿಯಿತು. ಜೋಳ, ಬೆಲ್ಲ, ಚಹಾಪುಡಿ, ಚಿಮಣಿ ಎಣ್ಣೆ, ಕಡ್ಡಿಪೆಟ್ಟಿಗೆ. ಹೊಲದ ಕೂಲಿ ಮಾಡುತ್ತಿದ್ದ ಒಂದು ಮನೆಯವರು ಗಂಟುಮೂಟೆ ಕಟ್ಟಿಕೊಂಡು ಮಹಾರಾಷ್ಟ್ರದ ಕಡೆ ಗುಳೆ ಹೋದರು. ಮನೆಗೆ ಬೀಗ ಹಾಕಲು ಬೀಗವೂ ಇರಲಿಲ್ಲ, ಬಾಗಿಲಿಗೆ ಮುಳ್ಳಿನ ಕಂಟಿ ಅಡ್ಡ ಇಟ್ಟು ಹೋಗಿದ್ದರು.

ಮುಂದಿನ ವರ್ಷ ಒಂದು ಸಂಜೆ ಅಪ್ಪ ಆ ಮನೆಯ ಹಾಳೆ ತೆಗೆದ. ಮೇಲಿಂದ ಕೆಳಗಿನವರೆಗೆ ಬೆರಳಿಟ್ಟು ಕೂಡಿಸಿದ. ಪೈಸೆ ಸಹಿತ ಮೊತ್ತ ಬರೆದ. ಆಮೇಲೆ ಇಡೀ ಹಾಳೆಗೆ ಒಂದು ಅಡ್ಡಗೆರೆ ಎಳೆದು ಅಡಿಯಲ್ಲಿ ‘ಚುಕ್ತಾ’ ಎಂದು ಬರೆದ. ಅಲ್ಲೇ ಅಕ್ಕಿ ಹಸನು ಮಾಡುತ್ತಿದ್ದ ಅವ್ವ ತಲೆಯೆತ್ತಿದಳು.

“ಅವ್ರು ರೊಕ್ಕಾ ಕಳಿಸಿದ್ರೇನು?”

“ಇಲ್ಲ.”

“ಮತ್ತ ಚುಕ್ತಾ ಹೆಂಗಾತು? ಅದು ಯಾರ ತಲೀ ಮ್ಯಾಲೆ ಬಿತ್ತು?”

“ನಮ್ಮ ತಲೀ ಮ್ಯಾಲೆ.”

ಅಷ್ಟೇ ಮಾತು. ಅವ್ವ ಮತ್ತೆ ಮೊರಕ್ಕೆ ಕೈ ಹಾಕಿದಳು. ನನಗಾಗ ಹತ್ತು ವರ್ಷ. ಆ ಜೋಳದ ರೊಕ್ಕವನ್ನು ಅಪ್ಪ ವಿಜಾಪುರದ ಠೋಕ್ ವ್ಯಾಪಾರಿಗೆ ತಾನೇ ಕಟ್ಟಬೇಕಿತ್ತು, ಕಟ್ಟಿದ. ಆ ವರ್ಷ ದೀಪಾವಳಿಗೆ ನಮಗೆ ಹೊಸ ಅಂಗಿ ಬರಲಿಲ್ಲ. ಎರಡಕ್ಕೂ ಇದ್ದ ನಂಟು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಕ್ರೈಸ್ತರು ಹೇಳುವ ಕ್ಷಮೆಯ ಬಗ್ಗೆ ಬರೆಯಲು ಕೂತವನು ಅಂಗಡಿಯ ಲೆಕ್ಕದಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಕ್ರೈಸ್ತರ ಮನೆಗಳು ಕಡಿಮೆ. ಬಾಸೆಲ್ ಮಿಷನ್ನಿನವರು 1851ರಲ್ಲಿ ಗುಳೇದಗುಡ್ಡಕ್ಕೂ 1885ರಲ್ಲಿ ವಿಜಾಪುರಕ್ಕೂ ಬಂದು ನೆಲೆಸಿದರು. ಜಮಖಂಡಿ ಸಂಸ್ಥಾನದ ನಮ್ಮ ಊರುಗಳ ಮಟ್ಟಿಗೆ ಅದು ನೆರೆಮನೆಯ ಸುದ್ದಿ. ನಮಗೆ ಕ್ರೈಸ್ತರೆಂದರೆ ಮೊದಲು ನೆನಪಾಗುತ್ತಿದ್ದದ್ದು ಮಿರಜಿನ ಮಿಷನ್ ದವಾಖಾನೆ. ವಿಲಿಯಂ ವಾನ್ಲೆಸ್ ಎಂಬ ಡಾಕ್ಟರು 1894ರಲ್ಲಿ ತೆರೆದ ಆ ದವಾಖಾನೆಗೆ ಅಥಣಿ, ಜಮಖಂಡಿ, ರಬಕವಿ ಕಡೆಯ ರೋಗಿಗಳು ತಲೆಮಾರುಗಳಿಂದ ಹೋಗಿ ಬಂದಿದ್ದಾರೆ. ಅವ್ವನ ಆಪರೇಶನ್ ಆದದ್ದೂ ಅಲ್ಲೇ. ಬೆಳಗಿನ ಹೊತ್ತು ವಾರ್ಡಿನಲ್ಲಿ ಒಬ್ಬರು ನಿಂತು ಮರಾಠಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. ಗಡಿಯ ಜನರಾದ ನಮಗೆ ಮರಾಠಿ ಅರ್ಥವಾಗುತ್ತದೆ. ಆ ಪ್ರಾರ್ಥನೆಯಲ್ಲಿ ‘ಋಣ’ ಎಂಬ ಶಬ್ದ ಬಂತು. ನಾವು ನಮ್ಮ ಋಣಿಗಳನ್ನು ಬಿಟ್ಟಿದ್ದೇವೆ, ನೀನೂ ನಮ್ಮ ಋಣ ಬಿಡು ಎನ್ನುವ ಭಾವ. ಹಾಸಿಗೆಯಲ್ಲಿ ಮಲಗಿದ್ದ ಅವ್ವ ನನ್ನ ಕಡೆ ತಿರುಗಿ, “ನಿಮ್ಮಪ್ಪನ ಉದ್ರಿ ಪುಸ್ತಕದ ಮಾತು ಇದು” ಅಂದಳು.

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಅವಳು ಹೇಳಿದ್ದು ಮೂಲಕ್ಕೆ ತೀರ ಹತ್ತಿರವಿತ್ತು. ಮತ್ತಾಯನ ಸುವಾರ್ತೆಯಲ್ಲಿ ಬರುವ ಕರ್ತನ ಪ್ರಾರ್ಥನೆಯ ಗ್ರೀಕ್ ಶಬ್ದಕ್ಕೆ ನೇರ ಅರ್ಥ ಸಾಲ ಎಂದೇ. ಲೂಕ ಮೊದಲ ಭಾಗದಲ್ಲಿ ಪಾಪ ಎಂದು ಬರೆದರೂ ಎರಡನೆಯ ಭಾಗದಲ್ಲಿ ಸಾಲಗಾರನನ್ನು ಹಾಗೆಯೇ ಉಳಿಸಿಕೊಂಡಿದ್ದಾನೆ. ಯೇಸು ಆಡುತ್ತಿದ್ದ ಅರಾಮಿಕ್ ನುಡಿಯಲ್ಲಿ ಪಾಪಕ್ಕೂ ಸಾಲಕ್ಕೂ ಒಂದೇ ಶಬ್ದ ನಡೆಯುತ್ತಿತ್ತು. ಬಳಕೆಯ ಕನ್ನಡದಲ್ಲಿ ‘ತಪ್ಪು’, ‘ಕ್ಷಮಿಸು’ ಎಂದು ಹೇಳುವಾಗ ಈ ಲೇವಾದೇವಿಯ ಘಾಟು ಸ್ವಲ್ಪ ಹಾರಿಹೋಗುತ್ತದೆ. ಕ್ಷಮೆ ಎಂದರೆ ಮೃದುವಾದ ಮನಸ್ಸು, ತಣ್ಣಗಿನ ಸ್ವಭಾವ ಎಂದುಕೊಳ್ಳುತ್ತೇವೆ. ಸಾಲ ಎಂದ ಕೂಡಲೇ ಅವ್ವ ಕೇಳಿದ ಪ್ರಶ್ನೆ ಎದ್ದು ನಿಲ್ಲುತ್ತದೆ: ಅದು ಯಾರ ತಲೆಯ ಮೇಲೆ ಬಿತ್ತು?

ಸಾಲಮನ್ನಾ ಎಂಬ ಮಾತು ನಮ್ಮ ತಾಲೂಕುಗಳಿಗೆ ಹೊಸದಲ್ಲ. 2018ರಲ್ಲಿ ರಾಜ್ಯ ಸರ್ಕಾರ ರೈತರ ಸಾಲಮನ್ನಾ ಘೋಷಿಸಿದಾಗ ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನ ರೈತರು ಬ್ಯಾಂಕಿನ ಮುಂದೆ ಕಾಗದ ಹಿಡಿದು ನಿಂತರು. ಮರುವರ್ಷ ನೇಕಾರರ ಸಾಲದ ಸರದಿ ಬಂದಾಗ ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಅದೇ ಮಾತು. ಅಲ್ಲಿ ಮನ್ನಾ ಮಾಡಿದ್ದು ಸರ್ಕಾರ, ರೊಕ್ಕ ಹೋದದ್ದು ಖಜಾನೆಯಿಂದ, ಬ್ಯಾಂಕಿಗೆ ಅದರ ಬಾಕಿ ಬಂತು. ಸಾಲ ಕೊಟ್ಟವನ ಗಂಟೇನೂ ಕರಗಲಿಲ್ಲ. ಕ್ಷಮೆಯ ಲೆಕ್ಕ ಬೇರೆ. ಅಲ್ಲಿ ಖಜಾನೆ ಇಲ್ಲ. ಯಾರಿಗೆ ಬರಬೇಕಿತ್ತೋ ಅವರೇ ತಮ್ಮ ಗಂಟಿನಿಂದ ತುಂಬಿಕೊಡಬೇಕು. ಪೆಟ್ಟು ತಿಂದವರೇ ಪೆಟ್ಟಿನ ಬೆಲೆಯನ್ನೂ ತೆರಬೇಕು. ಕೇಳಿದರೆ ಅನ್ಯಾಯ ಅನ್ನಿಸುತ್ತದೆ. ಅನ್ಯಾಯ ಅನ್ನಿಸದಿದ್ದರೆ ನಾವು ಕ್ಷಮೆಯನ್ನು ಇನ್ನೂ ಸರಿಯಾಗಿ ನೋಡಿಲ್ಲ ಎಂದೇ ನನ್ನ ಭಾವನೆ.

ಪೇತ್ರ ಒಮ್ಮೆ ಯೇಸುವನ್ನು ಕೇಳುತ್ತಾನೆ, ಎಷ್ಟು ಸಲ ಬಿಡಬೇಕು, ಏಳು ಸಲ ಸಾಕೇ ಎಂದು. ಏಳಲ್ಲ, ಏಳೆಪ್ಪತ್ತು ಸಲ ಎಂದ ಯೇಸು ಜೊತೆಗೆ ಒಂದು ಸಾಮತಿ ಹೇಳುತ್ತಾನೆ. ರಾಜನೊಬ್ಬನಿಗೆ ಅವನ ಆಳು ಹತ್ತು ಸಾವಿರ ತಲಾಂತು ಕೊಡಬೇಕಾಗಿತ್ತು. ರಾಜ ಬಿಟ್ಟ. ಹೊರಗೆ ಬಂದ ಆ ಆಳು ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿದ. ಅಂದಿನ ಲೆಕ್ಕದಲ್ಲಿ ಒಂದು ದಿನಾರಿ ಒಂದು ದಿನದ ಕೂಲಿ, ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತು ಎಂದರೆ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ. ಇದು ತೀರುವ ಸಾಲವಲ್ಲ. ನೂರು ದಿನಾರಿಯ ಮಾತು ಹಾಗಲ್ಲ. ಉದ್ಯೋಗ ಖಾತ್ರಿ ಯೋಜನೆ ಶುರುವಾದಾಗ ಒಂದು ಮನೆಗೆ ವರ್ಷಕ್ಕೆ ಕೊಟ್ಟ ಖಾತ್ರಿ 100 ದಿನ. ಬರಗಾಲದಲ್ಲಿ ಆ ನೂರು ದಿನದ ಕೂಲಿ ಎಂದರೇನು ಎಂಬುದು ನಮ್ಮ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರವಚನಗಳಲ್ಲಿ ಈ ಎರಡನೆಯ ಸಾಲವನ್ನು ಚಿಲ್ಲರೆ ಎಂಬಂತೆ ತಳ್ಳಿಹಾಕುವುದುಂಟು. ಕಥೆ ಹಾಗೆ ತಳ್ಳುವುದಿಲ್ಲ. ನಿನಗೆ ಆದ ನಷ್ಟ ನೂರು ದಿನದ ಬೆವರು, ಅದು ನಿಜ. ಆದರೆ ನಿನ್ನದು ಎಷ್ಟು ಮನ್ನಾ ಆಗಿದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡು ಎನ್ನುತ್ತದೆ. ಕ್ರೈಸ್ತ ಕ್ಷಮೆ ನಿಂತಿರುವುದು ಇಲ್ಲಿ. ಕ್ಷಮಿಸುವವನು ಎತ್ತರದಲ್ಲಿ ಕೂತ ದೊಡ್ಡ ಮನುಷ್ಯನಲ್ಲ. ಅವನೂ ಮನ್ನಾ ಆದವನೇ, ತನ್ನ ಹಾಳೆಯ ಮೇಲೂ ಅಡ್ಡಗೆರೆ ಬಿದ್ದಿದೆ ಎಂದು ಬಲ್ಲವನು. ಆ ಗೆರೆಯ ಬೆಲೆ ತೆತ್ತವನು ಶಿಲುಬೆಯ ಮೇಲಿದ್ದ ಎಂಬುದು ಅವರ ನಂಬಿಕೆಯ ತಿರುಳು.

ನಮ್ಮ ದೇಶದಲ್ಲಿ ಇದು ಬದುಕಿನ ಕಟ್ಟಕಡೆಯ ಪರೀಕ್ಷೆಗೆ ನಿಂತದ್ದು 1999ರ ಜನವರಿಯಲ್ಲಿ. ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ 1965ರಿಂದ ಒಡಿಶಾದ ಬಾರಿಪದಾದಲ್ಲಿದ್ದರು, ಕುಷ್ಠರೋಗಿಗಳ ಆಶ್ರಮ ನೋಡಿಕೊಳ್ಳುತ್ತಿದ್ದರು. ಜನವರಿ 22ರ ರಾತ್ರಿ ಕೆಂದುಝರ್ ಜಿಲ್ಲೆಯ ಮನೋಹರಪುರ ಎಂಬ ಹಳ್ಳಿಯಲ್ಲಿ ತಮ್ಮ ಗಾಡಿಯೊಳಗೇ ಮಲಗಿದ್ದರು. ಜೊತೆಗೆ ಇಬ್ಬರು ಗಂಡುಮಕ್ಕಳು, ಹತ್ತು ವರ್ಷದ ಫಿಲಿಪ್ ಮತ್ತು ಆರು ವರ್ಷದ ತಿಮೊಥಿ. ನಡುರಾತ್ರಿ ದಾಟಿದ ಮೇಲೆ ಗುಂಪೊಂದು ಬಂದು ಗಾಡಿಗೆ ಬೆಂಕಿ ಹಚ್ಚಿತು. ಮೂವರೂ ಸುಟ್ಟುಹೋದರು. ಬಾರಿಪದಾದಲ್ಲಿ ಉಳಿದವರು ಹೆಂಡತಿ ಗ್ಲಾಡಿಸ್ ಮತ್ತು ಹದಿಮೂರು ವರ್ಷದ ಮಗಳು ಎಸ್ತರ್.

ಕೊಂದವರ ಮೇಲೆ ನನಗೆ ಹಗೆಯಿಲ್ಲ, ಅವರನ್ನು ಕ್ಷಮಿಸಿದ್ದೇನೆ ಎಂದು ಗ್ಲಾಡಿಸ್ ಹೇಳಿದ್ದು ದೇಶಕ್ಕೆಲ್ಲ ಗೊತ್ತು. ಆ ಮಾತಿಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಆಮೇಲಿನ ವರ್ಷಗಳು. ಮಾತು ಒಂದು ಗಳಿಗೆಯ ಉದ್ವೇಗದಲ್ಲಿ ಬಂದೀತು. ಮಗಳನ್ನು ಕರೆದುಕೊಂಡು ತವರು ದೇಶಕ್ಕೆ ಹೋಗಿದ್ದರೆ ಯಾರೂ ಬೆರಳು ತೋರುತ್ತಿರಲಿಲ್ಲ. ಅವರು ಹೋಗಲಿಲ್ಲ. ಗಂಡ ನೋಡಿಕೊಳ್ಳುತ್ತಿದ್ದ ಅದೇ ಕುಷ್ಠರೋಗಿಗಳ ನಡುವೆ, ಅದೇ ಊರಿನಲ್ಲಿ, ಇನ್ನೂ ಐದು ವರ್ಷ ಇದ್ದರು. 2004ರಲ್ಲಿ ಗ್ರಹಾಂ ಹೆಸರಿನ ಆಸ್ಪತ್ರೆ ಬಾರಿಪದಾದಲ್ಲಿ ತೆರೆಯಿತು. 2005ರಲ್ಲಿ ಭಾರತ ಸರ್ಕಾರ ಗ್ಲಾಡಿಸ್ ಅವರಿಗೆ ಪದ್ಮಶ್ರೀ ಕೊಟ್ಟಿತು. ದಿನಾ ಬೆಳಿಗ್ಗೆ ಎದ್ದು ಗಾಯ ತೊಳೆಯುವುದು, ಬ್ಯಾಂಡೇಜು ಕಟ್ಟುವುದು, ಔಷಧದ ಲೆಕ್ಕ ಬರೆಯುವುದು. ವಿಜಾಪುರದ ವ್ಯಾಪಾರಿಗೆ ಅಪ್ಪ ಕಂತುಕಂತಾಗಿ ರೊಕ್ಕ ಕಟ್ಟಿದ ಹಾಗೆ ಆ ತಾಯಿಯೂ ದಿನದಿನವೂ ಕಟ್ಟಿದರು ಎಂದು ನನಗನ್ನಿಸುತ್ತದೆ. ಗೆರೆ ಎಳೆಯಲು ಅರೆಗಳಿಗೆ ಸಾಕು. ನಷ್ಟ ತುಂಬಲು ವರ್ಷಗಳು ಬೇಕು.

ಇನ್ನೊಂದು ಸಂಗತಿಯನ್ನು ಕ್ಷಮೆಯನ್ನು ಹೊಗಳುವವರೂ ಹಳಿಯುವವರೂ ಸಮನಾಗಿ ಮರೆಯುತ್ತಾರೆ. ಗ್ಲಾಡಿಸ್ ಮೊಕದ್ದಮೆ ಬೇಡ ಎನ್ನಲಿಲ್ಲ. ತಾನು ಕ್ಷಮಿಸಿದ್ದು ತನ್ನ ಪಾಲಿನದು, ಅಪರಾಧಕ್ಕೆ ಕಾನೂನು ಏನು ಮಾಡಬೇಕೋ ಅದು ಕಾನೂನಿನ ಕೆಲಸ ಎಂಬುದು ಅವರ ನಿಲುವು. 2003ರಲ್ಲಿ ವಿಚಾರಣಾ ನ್ಯಾಯಾಲಯ ಮುಖ್ಯ ಆರೋಪಿ ದಾರಾ ಸಿಂಗ್‌ಗೆ ಮರಣದಂಡನೆ ವಿಧಿಸಿತು. 2005ರಲ್ಲಿ ಒಡಿಶಾ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟು ಜೀವಾವಧಿಯನ್ನೇ ಎತ್ತಿಹಿಡಿಯಿತು. ಇದರಲ್ಲಿ ವಿರೋಧವೇನಿದೆ? ನನಗೆ ಬರಬೇಕಾದ ಬಾಕಿಯನ್ನು ನಾನು ಬಿಡಬಹುದು. ಊರಿಗೆ ಬರಬೇಕಾದ ಬಾಕಿಯನ್ನು ಬಿಡಲು ನಾನು ಯಾರು? ನಾಳೆ ಇನ್ನೊಂದು ಗಾಡಿಗೆ, ಇನ್ನೊಬ್ಬರ ಮಕ್ಕಳಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳುವುದು ರಾಜ್ಯದ ಹೊಣೆ. ನಮ್ಮ ಕರ್ನಾಟಕದಲ್ಲಿ 2008ರ ಸೆಪ್ಟೆಂಬರ್ 14ರಂದು, ಭಾನುವಾರ, ಪವಿತ್ರ ಶಿಲುಬೆಯ ಹಬ್ಬದ ದಿನವೇ ಮಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಚರ್ಚುಗಳ ಮೇಲೆ ದಾಳಿ ನಡೆಯಿತು. ತನಿಖೆಯಾಗಲಿ, ತಪ್ಪಿತಸ್ಥರು ಯಾರೆಂದು ಗೊತ್ತಾಗಲಿ ಎಂದು ಕ್ರೈಸ್ತರು ಪಟ್ಟುಹಿಡಿದರು. ಕ್ಷಮೆಯ ಧರ್ಮದವರಿಗೆ ತನಿಖೆ ಏಕೆ ಎಂದು ಕೇಳುವವರು ಕ್ಷಮೆಯನ್ನೂ ಅರಿತಿಲ್ಲ, ತನಿಖೆಯನ್ನೂ ಅರಿತಿಲ್ಲ.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕ್ಷಮೆಯನ್ನು ವಾರಸು ಎನ್ನಬಹುದೇ? ಹೊಲ, ಮನೆ, ಬಂಗಾರ ವಾರಸಾಗಿ ಬರುತ್ತವೆ, ಸರಿ. ಸಾಲವೂ ಬರುತ್ತಿತ್ತು. ಅಪ್ಪ ಮಾಡಿದ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹಿಂದೂ ಕಾನೂನಿನ ಕಟ್ಟು ಇಪ್ಪತ್ತೊಂದನೇ ಶತಮಾನದವರೆಗೂ ಕೋರ್ಟುಗಳಲ್ಲಿ ನಡೆಯುತ್ತಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಾಗ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಸಿಕ್ಕಿತು ಎಂಬುದು ಎಲ್ಲರಿಗೂ ಗೊತ್ತು. ಅದೇ ತಿದ್ದುಪಡಿ ಇನ್ನೊಂದು ಕೆಲಸ ಮಾಡಿತು: ಆಮೇಲೆ ಮಾಡಿದ ಸಾಲಕ್ಕೆ, ಬರೀ ಮಗನ ಧರ್ಮ ಎಂಬ ಕಾರಣದಿಂದ ಮಗನನ್ನೋ ಮೊಮ್ಮಗನನ್ನೋ ಹಿಡಿಯುವಂತಿಲ್ಲ ಎಂದಿತು. ಸಾಲದ ಬೆನ್ನಟ್ಟುವಿಕೆಗೆ ಕಾನೂನು ಒಂದು ಕಡಿವಾಣ ಹಾಕಿತು. ಹಗೆಗೆ ಅಂಥ ಕಾನೂನು ಇಲ್ಲ. ಹಗೆ ಇಂದಿಗೂ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಡ್ಡಿ ಸಹಿತ ಬರುತ್ತಲೇ ಇದೆ. ಬದುವಿನ ಜಗಳದಲ್ಲಿ ಎರಡು ಮನೆಯವರು ಮಾತು ಬಿಟ್ಟು ನಲವತ್ತು ವರ್ಷವಾಗಿರುತ್ತದೆ. ಮೊದಲು ಯಾರು ಕಲ್ಲು ಸರಿಸಿದರು ಎಂದು ಹೇಳಬಲ್ಲವರು ಯಾರೂ ಉಳಿದಿರುವುದಿಲ್ಲ. ಆದರೂ ಆ ಮನೆಯ ಹುಡುಗ ಎದುರು ಬಂದರೆ ಈ ಮನೆಯ ಹುಡುಗ ಮುಖ ತಿರುಗಿಸಲು ಕಲಿತಿರುತ್ತಾನೆ. ಅವನಿಗೆ ಅದನ್ನು ಕಲಿಸಿದವರು ನಾವು.

ಈ ವಾರಸಿನ ಸರಪಣಿ ಕಡಿಯುವ ಶಕ್ತಿ ಕ್ಷಮೆಗಿದೆ. ಹಾಗೆ ಕಡಿದವರು ಮಕ್ಕಳಿಗೆ ಬಿಟ್ಟುಹೋಗುವುದು ವಸೂಲಿ ಮಾಡಬೇಕಾದ ಬಾಕಿಯಿಲ್ಲದ ಒಂದು ಹಾಳೆಯನ್ನು. ಎಸ್ತರ್ ಎಂಬ ಹುಡುಗಿಗೆ ಅವಳ ತಾಯಿ ಕೊಟ್ಟ ಆಸ್ತಿ ಅದು. ಅಪ್ಪನನ್ನೂ ಇಬ್ಬರು ತಮ್ಮಂದಿರನ್ನೂ ಕಳೆದುಕೊಂಡ ಹದಿಮೂರರ ಮಗುವಿನ ತಲೆಯ ಮೇಲೆ ಸೇಡಿನ ಹೊರೆಯನ್ನೂ ಹೊರಿಸುವುದು ಎಷ್ಟು ಸುಲಭವಿತ್ತು!

ಕ್ರೈಸ್ತರ ಪರಂಪರೆಯ ಮೊದಲ ಹುತಾತ್ಮ ಸ್ತೆಫನನ ಕಥೆಯೂ ಇದನ್ನೇ ಹೇಳುತ್ತದೆ. ಜನ ಅವನನ್ನು ಕಲ್ಲೆಸೆದು ಕೊಲ್ಲುವಾಗ ಅವನು ಕೊಲ್ಲುವವರಿಗಾಗಿ ಬೇಡಿಕೊಂಡ. ಕಲ್ಲೆಸೆಯುವವರು ಕಳಚಿಟ್ಟ ಬಟ್ಟೆಗಳನ್ನು ಕಾಯುತ್ತ ಸೌಲ ಎಂಬ ತರುಣ ನಿಂತಿದ್ದ. ಮುಂದೆ ಅವನೇ ಪೌಲನಾದ. ಸ್ತೆಫನನ ಆ ಬೇಡಿಕೆ ಇಲ್ಲದಿದ್ದರೆ ಸಭೆಗೆ ಪೌಲ ಸಿಗುತ್ತಿರಲಿಲ್ಲ ಎಂಬುದು ಸಂತ ಅಗಸ್ಟೀನನ ಅಭಿಪ್ರಾಯ. ಸ್ತೆಫನನಿಗೆ ಹೊಲಮನೆ ಇತ್ತೆಂದು ಯಾರೂ ಬರೆದಿಲ್ಲ. ಅವನು ಬಿಟ್ಟುಹೋದದ್ದು ಬಟ್ಟೆ ಕಾಯುತ್ತಿದ್ದ ಆ ಹುಡುಗನಿಗೆ ಸಿಕ್ಕಿತು.

ನಮ್ಮ ಕಡೆಯವರು ಇದನ್ನು ಸುಲಭವಾಗಿ ಒಪ್ಪುವುದಿಲ್ಲ, ನನಗೆ ಗೊತ್ತು. ನಾವು ರನ್ನನ ನಾಡಿನವರು. ಮುಧೋಳದ ಬಳೆಗಾರ ಮನೆತನದಲ್ಲಿ ಹುಟ್ಟಿದ ಆ ಜೈನ ಕವಿ ಬರೆದದ್ದು ಸೇಡಿನ ಮಹಾಕಾವ್ಯ. ಅಲ್ಲಿ ಭೀಮ ಆಣೆ ತೀರಿಸುತ್ತಾನೆ. ದುರ್ಯೋಧನನಿಗೆ ತಂದೆತಾಯಿ ಸಂಧಿ ಮಾಡಿಕೋ ಎಂದು ಅಳುತ್ತಾರೆ, ಶರಶಯ್ಯೆಯ ಮೇಲಿಂದ ಭೀಷ್ಮ ಹೇಳುತ್ತಾನೆ, ಅವನು ಬಗ್ಗುವುದಿಲ್ಲ. ನಾವು ಆ ಛಲಕ್ಕೆ ಮನಸೋತವರು. ಬಯಲಾಟದಲ್ಲಿ ದುರ್ಯೋಧನ ಬಿದ್ದಾಗ ಕಣ್ಣೊರೆಸಿಕೊಂಡವರನ್ನು ನಾನು ನೋಡಿದ್ದೇನೆ. ಅಂಥ ಮಣ್ಣಿನಲ್ಲಿ ಬಿಟ್ಟುಕೊಟ್ಟವನನ್ನು ‘ಕೈಲಾಗದವ’ ಎನ್ನುತ್ತಾರೆ.

ಹಲಗಲಿಯ ಬೇಡರ ನೆನಪೂ ಇದೇ ಮುಧೋಳ ತಾಲೂಕಿನದು. 1857ರಲ್ಲಿ ಇಂಗ್ಲಿಷರು ಆಯುಧ ಒಪ್ಪಿಸಿ ಎಂದಾಗ ಬೇಡರು ಒಪ್ಪಿಸಲಿಲ್ಲ. ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಬೇಡರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಲಾವಣಿಕಾರರು ಅದನ್ನು ಹಾಡಿದರು, ಊರೂರಿಗೆ ಒಯ್ದರು, ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಬರೆದುಕೊಂಡರು. ಕ್ಷಮಿಸು ಎಂದರೆ ಆ ಲಾವಣಿ ನಿಲ್ಲಿಸು ಎಂದೇ? ಬೇಡರ ಮುಂದಾಳುಗಳಾದ ಜಡಗ, ಬಾಲರ ಹೆಸರು ಮರೆತುಬಿಡು ಎಂದೇ?

ಅಲ್ಲ. ಹಾಗೆಂದು ನಾನು ಗಟ್ಟಿಯಾಗಿ ಹೇಳಲು ಕ್ರೈಸ್ತರ ಆರಾಧನೆಯೇ ಆಧಾರ. ಅವರ ವಿಶ್ವಾಸಪ್ರಮಾಣದಲ್ಲಿ ಯೇಸು ಮತ್ತು ಮರಿಯಳ ಜೊತೆಗೆ ಇನ್ನೊಬ್ಬ ಮನುಷ್ಯನ ಹೆಸರಿದೆ: ಪೊಂತ್ಯ ಪಿಲಾತ. ಶಿಲುಬೆಯ ತೀರ್ಪು ಕೊಟ್ಟ ರೋಮನ್ ಅಧಿಕಾರಿ. ಎರಡು ಸಾವಿರ ವರ್ಷದ ಹಿಂದಿನ ಅವನ ಹೆಸರನ್ನು ಇಂದಿಗೂ ಜಗತ್ತಿನ ಮೂಲೆಮೂಲೆಯ ಚರ್ಚುಗಳಲ್ಲಿ ಎದ್ದುನಿಂತು ಹೇಳುತ್ತಾರೆ. ಕ್ಷಮೆಯನ್ನೇ ಎದೆಯಲ್ಲಿಟ್ಟುಕೊಂಡ ಧರ್ಮ ತನಗಾದ ಅನ್ಯಾಯವನ್ನು, ಅದನ್ನು ಮಾಡಿದ ಕಚೇರಿಯನ್ನು, ಕೊಂದ ಮರದ ಆಯುಧವನ್ನು ಮರೆತಿಲ್ಲ; ಗೋಪುರದ ಮೇಲೆ ನೆಟ್ಟಿದೆ. ಅಪ್ಪನ ಪುಸ್ತಕ ಈಗ ನನ್ನ ಹತ್ತಿರ ಇದೆ. ಆ ಹಾಳೆಯ ಮೇಲೆ ಅಡ್ಡಗೆರೆ ಬಿದ್ದಿದೆ, ಆದರೆ ಕೆಳಗಿನ ಅಕ್ಷರ ಒಂದೂ ಅಳಿಸಿಲ್ಲ. ಎರಡು ಸೇರು ಜೋಳ, ಪಾವು ಬೆಲ್ಲ, ಎಲ್ಲ ಓದಬಹುದು. ಅಪ್ಪ ಹಾಳೆ ಹರಿಯಲಿಲ್ಲ. ಹರಿದಿದ್ದರೆ ಅವನು ಏನು ಬಿಟ್ಟ ಎಂಬುದೂ ಯಾರಿಗೂ ತಿಳಿಯುತ್ತಿರಲಿಲ್ಲ. ಹಲಗಲಿಯ ಲಾವಣಿ ಹಾಡುತ್ತಲೇ ಇರೋಣ. ಹಾಡುವುದು ಬೇರೆ, ಇಂದಿನ ಯಾವನೋ ಇಂಗ್ಲಿಷ್ ಹುಡುಗನ ಕುತ್ತಿಗೆಯ ಮೇಲೆ ಕೈ ಹಾಕುವುದು ಬೇರೆ.

ಸಾಲ ಬಿಡಬೇಕಾದರೆ ಮೊದಲು ಅದನ್ನು ಬರೆಯಬೇಕು, ಕೂಡಿಸಬೇಕು, ಮೊತ್ತ ಇಷ್ಟು ಎನ್ನಬೇಕು. ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ, ಕ್ಷಮೆಯ ಹೆಸರಿನಲ್ಲಿ ನಡೆಯುವ ಮೋಸ. ಗಂಡ ಹೊಡೆದನೆಂದು ತವರಿಗೆ ಬಂದ ಹೆಣ್ಣುಮಗಳಿಗೆ ಹಿರಿಯರು “ಬಿಟ್ಟ ಬಿಡವ್ವ, ದೊಡ್ಡ ಮನಸ್ಸು ಮಾಡು” ಎಂದು ಹೇಳಿ ಅದೇ ಸಂಜೆ ಬಸ್ಸು ಹತ್ತಿಸುವುದನ್ನು ಎಲ್ಲ ಜಾತಿ, ಎಲ್ಲ ಧರ್ಮಗಳಲ್ಲಿ ಕಾಣುತ್ತೇವೆ. ಚರ್ಚಿನ ಒಳಗೂ ಜಾತಿಯ ಪೆಟ್ಟು ತಿಂದ ದಲಿತ ಕ್ರೈಸ್ತರಿಗೆ ಸಹನೆಯ ಪಾಠ ಹೇಳಿದ್ದುಂಟು. ಅಲ್ಲಿ ಹಾಳೆಯ ಮೇಲೆ ಏನೂ ಬರೆದಿರುವುದಿಲ್ಲ. ಪೆಟ್ಟು ತಿಂದವರ ಬಾಯಿಂದ ಲೆಕ್ಕ ಹೊರಡುವ ಮೊದಲೇ ಬೇರೆಯವರು ಅವರ ಪುಸ್ತಕ ಕಸಿದು ಗೆರೆ ಎಳೆದಿರುತ್ತಾರೆ. ಅಪ್ಪನ ಉದ್ರಿಯನ್ನು ಪಕ್ಕದ ಅಂಗಡಿಯವನು ಚುಕ್ತಾ ಮಾಡಲು ಬರುತ್ತದೆಯೇ? ಬಿಡುವ ಹಕ್ಕು ಯಾರಿಗೆ ಬರಬೇಕೋ ಅವರೊಬ್ಬರದು. ಗ್ಲಾಡಿಸ್ ಅವರ ಮಾತಿಗೆ ತೂಕ ಬಂದದ್ದು ಅದನ್ನು ಅವರಿಂದ ಯಾರೂ ಕೇಳಿ ಪಡೆಯಲಿಲ್ಲವಾದ್ದರಿಂದ.

ಸುವಾರ್ತೆಯನ್ನೇ ತೆರೆದು ನೋಡಿ. ಸಾಲದ ಸಾಮತಿ ಬರುವ ಮತ್ತಾಯನ ಅದೇ 18ನೇ ಅಧ್ಯಾಯದಲ್ಲಿ, ಸ್ವಲ್ಪ ಮೇಲೆ, ಸಹೋದರ ತಪ್ಪು ಮಾಡಿದರೆ ಏನು ಮಾಡಬೇಕೆಂಬ ಕ್ರಮವಿದೆ. ಮೊದಲು ಒಬ್ಬನೇ ಹೋಗಿ ಅವನ ಮುಖಕ್ಕೆ ಹೇಳು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಯ ಮುಂದೆ ಇಡು. ನಮ್ಮ ಪಂಚರ ಕಟ್ಟೆಯ ಕ್ರಮಕ್ಕೂ ಇದಕ್ಕೂ ದೂರವಿಲ್ಲ. ಇಷ್ಟನ್ನೂ ಹಾರಿ ನೇರವಾಗಿ ಏಳೆಪ್ಪತ್ತು ಸಲ ಕ್ಷಮಿಸು ಎಂಬಲ್ಲಿಗೆ ಬಂದು ನಿಲ್ಲುವವರು ಅರ್ಧ ಅಧ್ಯಾಯ ಓದಿದವರು. ನಾಜಿಗಳ ಕಾಲದಲ್ಲಿ ಬದುಕಿ ಅವರ ಕೈಯಲ್ಲೇ ಗಲ್ಲಿಗೇರಿದ ಜರ್ಮನಿಯ ಪಾದ್ರಿ ಬಾನ್‌ಹೊಫರ್ 1937ರ ತಮ್ಮ ಪುಸ್ತಕದಲ್ಲಿ ಇಂಥದ್ದನ್ನು ಅಗ್ಗದ ಕೃಪೆ ಎಂದು ಕರೆದು ಅದೇ ಸಭೆಯ ವೈರಿ ಎಂದರು.

ಬೆಲೆ ತೆತ್ತ ಕ್ಷಮೆ ಹೇಗಿರುತ್ತದೆಂದು ತೋರಿಸಲು ಇನ್ನೊಂದು ಘಟನೆ ಹೇಳಲೇಬೇಕು. ಕೇರಳದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಇಂದೋರ್ ಸೀಮೆಯಲ್ಲಿ ಭೂಮಿಯಿಲ್ಲದ ಕೂಲಿಗಳನ್ನು ಸಾಹುಕಾರರ ಸಾಲದ ಹಿಡಿತದಿಂದ ಬಿಡಿಸುವ ಕೆಲಸ ಮಾಡುತ್ತಿದ್ದರು. ಅದೇ ಅವರ ಜೀವಕ್ಕೆ ಮುಳುವಾಯಿತು. 1995ರ ಫೆಬ್ರವರಿ 25ರಂದು, ಪ್ರಯಾಣಿಕರು ನೋಡುತ್ತಿದ್ದಂತೆ, ಬಸ್ಸಿನಲ್ಲೇ ಶುರುಮಾಡಿ ರಸ್ತೆಗೆ ಎಳೆದು ಸಮುಂದರ್ ಸಿಂಗ್ ಎಂಬವನು ಇರಿದು ಕೊಂದ. ಕೊಲ್ಲಲು ಹಚ್ಚಿದವರು ಬೇರೆ, ಜೈಲಿಗೆ ಹೋದವನು ಅವನು. 2002ರಲ್ಲಿ ರಾಣಿ ಮರಿಯಾ ಅವರ ತಂಗಿ, ತಾನೂ ಸನ್ಯಾಸಿನಿಯಾದ ಸೆಲ್ಮಿ ಪೌಲ್, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕ‌ಟ್ಟಿದರು. ಅಕ್ಕನನ್ನು ಇರಿದ ಅದೇ ಕೈ. ಬಿಡುಗಡೆಯಾದ ಮೇಲೆ ಅವನು ಕೇರಳಕ್ಕೆ ಹೋದಾಗ ತಾಯಿ ಆ ಕೈಗಳಿಗೆ ಮುತ್ತಿಟ್ಟಳು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಪುನೀತೆ ಎಂದು ಘೋಷಿಸಲಾಯಿತು. ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ರಾಖಿಯ ಕಡೆಗೆ. ಕ್ರೈಸ್ತ ಸನ್ಯಾಸಿನಿ ಕ್ಷಮೆ ಹೇಳಲು ಆ ಮಣ್ಣಿನ ನೂಲನ್ನೇ ಹುಡುಕಿಕೊಂಡರು. ರಾಖಿ ಕಟ್ಟಿದ ಮೇಲೆ ಅಣ್ಣನಾಗುತ್ತಾನೆ, ಮನೆಗೆ ಸೇರುತ್ತಾನೆ. ಬಾಕಿ ಬಿಟ್ಟದ್ದಷ್ಟೇ ಅಲ್ಲ, ಖಾತೆಯ ಹೆಸರನ್ನೇ ಬದಲಿಸಿದರು.

ನಮ್ಮಲ್ಲೂ ಅಂಥ ನೂಲುಗಳಿವೆ. 1123ರ ಗೊಂಕನ ಜಿನಾಲಯವಿರುವ ತೇರದಾಳದ ಜೈನರು ದಶಲಕ್ಷಣ ಪರ್ವದ ಹತ್ತು ಧರ್ಮಗಳಲ್ಲಿ ಮೊದಲನೆಯದಾಗಿ ಎಣಿಸುವುದು ಉತ್ತಮ ಕ್ಷಮೆಯನ್ನೇ. ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಒಬ್ಬರನ್ನೊಬ್ಬರು ಕೈಮುಗಿದು ಕೇಳಿಕೊಳ್ಳುತ್ತಾರೆ. ವಿಜಯದಶಮಿಯ ಸಂಜೆ ನಾವೆಲ್ಲ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುತ್ತೇವೆ. ಮಾತು ಬಿಟ್ಟವರ ಮನೆಗೆ ಹೋಗಲು ವರ್ಷಕ್ಕೊಮ್ಮೆ ಸಿಗುವ ನೆಪ ಅದು. ಈ ಎರಡರಲ್ಲೂ ಕೊಡುವುದು, ಕೊಳ್ಳುವುದು ಜೊತೆಜೊತೆಗೇ ನಡೆಯುತ್ತದೆ. ಶಿಲುಬೆಯ ಕಡೆ ನೋಡುವ ಕ್ರೈಸ್ತ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಎದುರಿನವನು ಕೈ ಚಾಚದಿದ್ದರೂ, ಕೇಳದಿದ್ದರೂ, ತಪ್ಪೆಂದು ಒಪ್ಪದಿದ್ದರೂ ತನ್ನ ಕಡೆಯ ಗೆರೆಯನ್ನು ಎಳೆದುಬಿಡಬೇಕು ಅವನು. ಇದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಆಗದವರನ್ನು ಬೈಯುವ ಹಕ್ಕು ಯಾರಿಗೂ ಇಲ್ಲ.

ನನ್ನಿಂದಲೂ ಬಹಳ ವರ್ಷ ಆಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕಾಕಾನ ಮಗನಿಗೂ ನನಗೂ ಬದುವಿನ ತಕರಾರು ಬಿತ್ತು. ನಾಲ್ಕು ಗುಂಟೆಯ ಮಾತು. ಅವನೇ ಕಲ್ಲು ಕಿತ್ತಿಸಿದ ಎಂದು ನಾನು ಇಂದಿಗೂ ಹೇಳುತ್ತೇನೆ. ಮೋಜಣಿ ಆಯಿತು, ಪಂಚರು ಆದರು, ಕಡೆಗೆ ಕೋರ್ಟಿಗೆ ಹೋಯಿತು. ಹನ್ನೊಂದು ವರ್ಷ ಒಬ್ಬರ ಮನೆಯ ನೀರು ಒಬ್ಬರು ಕುಡಿಯಲಿಲ್ಲ. ನನ್ನ ಮಗ ಒಂದು ದಿನ ಅವನ ಮಗನ ಹೆಸರಿಗೆ ನನ್ನದೇ ಬೈಗುಳ ಸೇರಿಸಿ ಮಾತಾಡಿದ್ದನ್ನು ಕೇಳಿದಾಗ ಎದೆ ಧಸಕ್ಕೆಂದಿತು.

ಹೋದ ದಸರಾದ ಸಂಜೆ ಬನ್ನಿ ಹಿಡಿದು ಅವನ ಮನೆಗೆ ಹೋದೆ. ಮಗನನ್ನೂ ಕರೆದುಕೊಂಡಿದ್ದೆ. ಕಾಕಾನ ಮಗ ಮನೆಯಲ್ಲಿ ಇರಲಿಲ್ಲ. ಇದ್ದೂ ಹೊರಗೆ ಬರಲಿಲ್ಲವೋ ಏನೋ. ಕಟ್ಟೆಯ ಮೇಲೆ ಚಿಗವ್ವ ಕೂತಿದ್ದಳು. ಕಣ್ಣು ಸರಿಯಾಗಿ ಕಾಣುವುದಿಲ್ಲ ಅವಳಿಗೆ. ಯಾರು ಎಂದು ಕೇಳಿದಳು, ಹೇಳಿದೆ. ಎಲೆಗಳನ್ನು ಅವಳ ಅಂಗೈಯಲ್ಲಿಟ್ಟು ಕಾಲು ಮುಟ್ಟಿದೆ. ಅವಳು ಬಹಳ ಹೊತ್ತು ಮುಷ್ಟಿ ಬಿಚ್ಚಲಿಲ್ಲ. ಆಮೇಲೆ ಒಳಗಿನವರಿಗೆ ಕೂಗಿ ಹೇಳಿದಳು, ಎರಡು ಕಪ್ಪು ಚಹಾ ತರ್ರಿ ಎಂದು.

ಕೇಸು ಇನ್ನೂ ನಡೆದಿದೆ. ಮುಂದಿನ ತಾರೀಖು ಸಂಕ್ರಾಂತಿ ಆದ ಮೇಲೆ.